ಹೊಸೆ ಲಾರೆಲ್: ಆಕ್ರಮಿತ ದೇಶದ ಅಧ್ಯಕ್ಷ

ಇವತ್ತು ನಾನು ಮಾತಾಡುವುದು ಫಿಲಿಪೈನ್ಸಿನ ಹೊಸೆ ಪಿ. ಲಾರೆಲ್ ಬಗ್ಗೆ. ಎರಡನೇ ಮಹಾಯುದ್ಧದಲ್ಲಿ ಆ ದೇಶ ಜಪಾನಿನ ಹಿಡಿತದಲ್ಲಿದ್ದಾಗ ಅದರ ಅಧ್ಯಕ್ಷರಾಗಿದ್ದವರು ಇವರು. ದ್ರೋಹಿಯೋ ರಕ್ಷಕನೋ ಅಂತ ಕೇಳುವ ಮೊದಲು, ಅವರು ಯಾವುದಕ್ಕೆ ಒಪ್ಪಿದರು, ಯಾವುದಕ್ಕೆ ಒಪ್ಪಲಿಲ್ಲ ಎಂಬುದನ್ನು ಬಿಡಿಸಿ ನೋಡೋಣ.

ಲಾರೆಲ್ ಹುಟ್ಟಿದ್ದು 1891ರಲ್ಲಿ, ಬಟಂಗಾಸ್ ಪ್ರಾಂತದ ತನಾವಾನ್‌ನಲ್ಲಿ. ಅಮೆರಿಕದ ಯೇಲ್‌ನಲ್ಲಿ ಕಾನೂನು ಓದಿ, 1936ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1941ರ ಡಿಸೆಂಬರಿನಲ್ಲಿ ಜಪಾನ್ ದಾಳಿ ಮಾಡಿತು. ಅಧ್ಯಕ್ಷ ಮಾನುಯೆಲ್ ಕೆಸೊನ್ ಕೊನೆಗೆ ಅಮೆರಿಕ ಸೇರಿದರು. ಮನಿಲಾದಲ್ಲೇ ಉಳಿಯುವಂತೆ ಕೆಸೊನ್ ಅವರೇ ಹೇಳಿದ್ದರು ಎಂಬುದು ಲಾರೆಲ್ ವಾದ. ಆದರೆ ಮುಖ್ಯ ನ್ಯಾಯಮೂರ್ತಿ ಹೊಸೆ ಅಬಾದ್ ಸಾಂತೋಸ್ ಸೆರೆಸಿಕ್ಕಿದಾಗ ಸಹಕರಿಸಲು ಒಪ್ಪಲಿಲ್ಲ. 1942ರ ಮೇ ತಿಂಗಳಲ್ಲಿ ಜಪಾನೀಯರು ಅವರನ್ನು ಗುಂಡಿಟ್ಟು ಕೊಂದರು. ‘ಬೇರೆ ದಾರಿಯೇ ಇರಲಿಲ್ಲ’ ಅನ್ನುವವರು ಈ ಹೆಸರನ್ನು ನೆನಪಿಡಬೇಕು. ದಾರಿ ಇತ್ತು, ಅದಕ್ಕೆ ತೆರಬೇಕಾದ ಬೆಲೆ ಪ್ರಾಣ.

ಲಾರೆಲ್ ಆಡಳಿತ ಸೇರಿದರು. 1943ರ ಜೂನಿನಲ್ಲಿ ಗಾಲ್ಫ್ ಮೈದಾನದಲ್ಲಿ ಅವರ ಮೇಲೆ ಗುಂಡು ಹಾರಿತು, ಬದುಕಿಕೊಂಡರು. ಅಕ್ಟೋಬರಿನಲ್ಲಿ ಅಧ್ಯಕ್ಷರಾದರು. ನವೆಂಬರಿನ ಟೋಕಿಯೊ ಸಮ್ಮೇಳನದಲ್ಲಿ ಕೂತರು. ಸುಭಾಷ್‌ಚಂದ್ರ ಬೋಸರೂ ಅಲ್ಲಿದ್ದರು. 1944ರ ಸೆಪ್ಟೆಂಬರಿನಲ್ಲಿ ಅಮೆರಿಕ, ಬ್ರಿಟನ್ ವಿರುದ್ಧ ಯುದ್ಧಸ್ಥಿತಿ ಘೋಷಿಸಿದರು. ಇದು ಒಪ್ಪಿದ್ದು. ಒಪ್ಪದೇ ಇದ್ದದ್ದೂ ಒಂದು ಉಂಟು: ತಮ್ಮ ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಲಿಲ್ಲ. ಆಮೇಲೆ ಜಪಾನೀಯರು ಬೇರೆಯವರನ್ನು ಹಿಡಿದು ‘ಮಕಪಿಲಿ’ ಎಂಬ ಸಶಸ್ತ್ರ ಪಡೆ ಕಟ್ಟಿಸಿದರು. ಅಂದರೆ ಲಾರೆಲ್ ಅವರ ನಿರಾಕರಣೆ ನಿಜ, ಆದರೆ ಅದಕ್ಕಿದ್ದ ಬಲ ಅಷ್ಟೇ.

ಯುದ್ಧ ಮುಗಿದ ಮೇಲೆ ಟೋಕಿಯೊದ ಸುಗಾಮೊ ಜೈಲು, ಊರಿಗೆ ಮರಳಿದಾಗ 132 ದೇಶದ್ರೋಹದ ಆರೋಪಗಳು. ದೇಶ ಶತ್ರುವಿನ ಕೈಯಲ್ಲಿದ್ದರೂ ಪ್ರಜೆಯ ನಿಷ್ಠೆ ರದ್ದಾಗುವುದಿಲ್ಲ ಅಂತ 1947ರಲ್ಲಿ ಸುಪ್ರೀಂ ಕೋರ್ಟು ಇನ್ನೊಬ್ಬ ಆರೋಪಿಯ ಪ್ರಕರಣದಲ್ಲಿ ಹೇಳಿತು. ಲಾರೆಲ್ ಪ್ರಕರಣ ಮಾತ್ರ ತೀರ್ಪಿನವರೆಗೆ ಹೋಗಲೇ ಇಲ್ಲ. 1948ರಲ್ಲಿ ಅಧ್ಯಕ್ಷ ಮಾನುಯೆಲ್ ರೋಹಾಸ್ ಕ್ಷಮಾದಾನ ಘೋಷಿಸಿದರು. ರೋಹಾಸ್ ಸ್ವತಃ ಲಾರೆಲ್ ಸರ್ಕಾರದಲ್ಲಿ ಕೆಲಸ ಮಾಡಿದ್ದವರು, ಇದನ್ನು ಗಮನಿಸಿ.

1949ರ ಅಧ್ಯಕ್ಷ ಚುನಾವಣೆಯಲ್ಲಿ ಲಾರೆಲ್ ಸೋತರು. 1951ರಲ್ಲಿ ಅತಿ ಹೆಚ್ಚು ಮತ ಪಡೆದು ಸೆನೆಟ್ ಸೇರಿದರು. 1959ರಲ್ಲಿ ತೀರಿಕೊಂಡರು.

ಜನ ಮತ ಕೊಟ್ಟರು ಅಂದರೆ ನಿರ್ದೋಷಿ ಅಂತಾಯಿತೇ? ಇಲ್ಲ. ಮತ ಬೇರೆ, ತೀರ್ಪು ಬೇರೆ. ಕ್ಷಮಾದಾನದಿಂದ ಶಿಕ್ಷೆಯ ಭಯ ಹೋಯಿತು. ಜೊತೆಗೆ ಸಾಕ್ಷ್ಯ ಮುಂದಿಟ್ಟು ವಿಚಾರಿಸುವ ಅವಕಾಶವೂ ಹೋಯಿತು. ಆ ಕೆಲಸ ಈಗ ಚರಿತ್ರೆಯ ವಿದ್ಯಾರ್ಥಿಗಳಾದ ನಮ್ಮ ಪಾಲಿಗೆ ಬಂದಿದೆ.