ಮೂಲೆಯಲ್ಲಿ ಕಂಬವಿಲ್ಲದ ಶಾಲೆ

ಬೀದಿಯಲ್ಲಿ ನಿಂತು ನೋಡಿದರೆ ಅಲ್ಲೊಂದು ಶಾಲೆಯಿದೆ ಎಂದು ಹೇಳಲಾಗದು. ಆಮ್‌ಸ್ಟರ್‌ಡ್ಯಾಮಿನ ಕ್ಲಿಯೊಸ್ಟ್ರಾಟ್ ಬೀದಿಯುದ್ದಕ್ಕೂ ಇಟ್ಟಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ತಗ್ಗಾದ ಒಂದು ಬಾಗಿಲ ಕಟ್ಟಡ. ಅದನ್ನು ದಾಟಿ ಹಿಂದಕ್ಕೆ ಹೋದರೆ, ಅಬ್ಬಾ! ಸುತ್ತಲೂ ಜನರ ಮನೆಗಳ ಹಿಂಬದಿ ಕಿಟಕಿಗಳು, ಆ ಹಿತ್ತಿಲ ನಟ್ಟನಡುವೆ ನಾಲ್ಕಂತಸ್ತಿನ ಗಾಜಿನ ಶಾಲೆ! 1930ರಲ್ಲಿ ಮುಗಿದ ಈ ಕಟ್ಟಡ ವಾಸ್ತುಶಿಲ್ಪಿ ಯಾನ್ ಡಾಯ್ಕರ್ ಅವರದು.

ಕ್ಷಯದ ಭಯ ಕಾಡುತ್ತಿದ್ದ ಕಾಲವದು. ನಿಶ್ಶಕ್ತ ಮಕ್ಕಳಿಗೆ ಗಾಳಿ ಬಿಸಿಲೇ ಮದ್ದೆಂದು ನಂಬಿ 1904ರಲ್ಲಿ ಬರ್ಲಿನ್ ಬಳಿಯ ಶಾರ್ಲಟನ್‌ಬರ್ಗಿನಲ್ಲಿ ಕಾಡಿನ ನಡುವೆಯೇ ಶಾಲೆ ತೆರೆದಿದ್ದರು. ಆಮ್‌ಸ್ಟರ್‌ಡ್ಯಾಮಿನ ಈ ಶಾಲೆಯೂ ಬಯಲು ಶಾಲೆಯೇ. ಆದರೆ ಕಾಡೇ ಇಲ್ಲದ, ನಾಲ್ಕೂ ಕಡೆ ಮನೆಗಳು ಮುತ್ತಿದ ಜಾಗದಲ್ಲಿ ಬಯಲನ್ನು ಎಲ್ಲಿಂದ ತರುವುದು?

ಡಾಯ್ಕರ್ ಬಯಲನ್ನೇ ಅಂತಸ್ತುಗಳಾಗಿ ಪೇರಿಸಿಬಿಟ್ಟರು! ನಕ್ಷೆ ನೋಡಿ: ಒಂದು ಚೌಕ, ಅದರಲ್ಲಿ ನಾಲ್ಕು ಪಾಲು, ನಡುವೆ ಓರೆಯಾಗಿ ಕೂತ ಮೆಟ್ಟಿಲು. ಮೇಲಿನ ಅಂತಸ್ತುಗಳಲ್ಲಿ ಪೂರ್ವಕ್ಕೊಂದು ತರಗತಿ, ಪಶ್ಚಿಮಕ್ಕೊಂದು ತರಗತಿ. ಬಿಸಿಲು ಬೀಳುವ ದಕ್ಷಿಣದ ಪಾಲಿಗೆ ಗೋಡೆಯೇ ಇಲ್ಲ! ಅದು ಎರಡೂ ತರಗತಿಗಳು ಹಂಚಿಕೊಳ್ಳುವ ತೆರೆದ ಜಗಲಿ, ಆಕಾಶದ ಪಕ್ಕದಲ್ಲೇ ಪಾಠ. ಉತ್ತರದ ಪಾಲನ್ನು ಮೇಲೆ ಕಟ್ಟಲೇ ಇಲ್ಲ. ಇಷ್ಟು ಇಕ್ಕಟ್ಟಿನಲ್ಲೂ ಕಟ್ಟದೆ ಬಿಡುವ ಆ ಧೈರ್ಯಕ್ಕೆ ನಾನು ಮಾರುಹೋಗಿದ್ದೇನೆ.

ಇನ್ನು ಆ ಮೂಲೆಗಳು! ಎಲ್ಲರೂ ಕಂಬ ನಿಲ್ಲಿಸುವುದು ಮೂಲೆಯಲ್ಲಿ. ಡಾಯ್ಕರ್ ಕಂಬಗಳನ್ನು ಬದಿಗಳ ನಡುವಿಗೆ ಸರಿಸಿದರು. ತೊಲೆಗಳು ಕಂಬ ದಾಟಿ ಎರಡೂ ಕಡೆ ಹೊರಗೆ ಚಾಚಿಕೊಂಡವು; ಚಾಚಿದ ತುದಿಯ ಭಾರ ತೊಲೆಯ ನಡುವಿನ ಬಾಗನ್ನು ತಗ್ಗಿಸುತ್ತದೆ, ಹಾಗಾಗಿ ಚೌಕಟ್ಟು ತೆಳ್ಳಗಾಗಬಹುದು. ಬರಿದಾದ ಮೂಲೆಗೆ ಬಂದದ್ದು ಬರೀ ಗಾಜು, ಉಕ್ಕಿನ ಚೌಕಟ್ಟಿನ ಕಿಟಕಿ. ತರಗತಿಯ ಅತಿ ಕತ್ತಲಿನ ಜಾಗವೇ ಅತಿ ಬೆಳಕಿನ ಜಾಗವಾಯಿತು! ಹಾಲೆಂಡಿನ ಚಳಿಯಲ್ಲಿ ಕಿಟಕಿ ತೆರೆದಿಡುವುದು ಹೇಗೆಂದು ಕೇಳುತ್ತೀರಾ? ಬಿಸಿನೀರಿನ ಕೊಳವೆಗಳನ್ನು ಚಾವಣಿಯಲ್ಲೇ ಅಡಗಿಸಿದ್ದರು. ಶಾಖ ಮಕ್ಕಳ ಮೇಲೆ ನೇರವಾಗಿ ಇಳಿಯುತ್ತಿತ್ತು.

ಕೆಳಗೆ ವ್ಯಾಯಾಮ ಕೋಣೆ, ನೆತ್ತಿಯ ಮೇಲೆ ತಾರಸಿ, ಅದೂ ಪಾಠಕ್ಕೇ. ಕಟ್ಟಡ ಎತ್ತರಕ್ಕೆ ಹೋದದ್ದರಿಂದ ಹಿತ್ತಿಲಲ್ಲಿ ಮಕ್ಕಳು ಓಡಾಡಲು ನೆಲ ಉಳಿಯಿತು. ಡಾಯ್ಕರ್ 1935ರಲ್ಲಿ ತೀರಿಕೊಂಡರು. ಅವರ ಕಟ್ಟಡ ವಸ್ತುಸಂಗ್ರಹಾಲಯವಾಗಲಿಲ್ಲ, ಶಾಲೆಯಾಗಿಯೇ ಉಳಿಯಿತು!