ಗಿಣ್ಣುಹಾಲಿಗೆ ಮುನ್ನಿನ ರಕ್ತ

ಪರ್ವರಿಯ ದಿಬ್ಬದ ಕೆಳಗೆ ಹರಿಯುವ ಮಾಂಡವಿ ನದಿಯನ್ನು ಏರಿಬಂದ ಹಡಗುಗಳು ಅರಬ್ಬೀ ಕುದುರೆಗಳನ್ನು ಗೋವೆಯಲ್ಲಿ ಇಳಿಸುತ್ತಿದ್ದ, ವಿಜಯನಗರದ ಅರಸರು ಅವುಗಳಿಗಾಗಿ ಹೊನ್ನನ್ನು ಸುರಿಯುತ್ತಿದ್ದ ಕಾಲವೊಂದಿತ್ತು. ಪರದೇಶದ ಕುದುರೆಯನ್ನೇ ನೆಚ್ಚದೆ ನಮ್ಮ ನೆಲದಲ್ಲಿ ತಳಿ ಬೆಳೆಸುವ ಯತ್ನಕ್ಕೆ, ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಂ ಸಾಕ್ಷಿ. ಅಂತಹ ಯಾವ ಫಾರಂನಲ್ಲಿಯೇ ಆಗಲಿ, ಈಯುವ ಕಾಲ ಸಮೀಪಿಸಿದಾಗ ಪಶುವೈದ್ಯನು ಅಂಜುವುದು ಒಂದನೆಯ ಬಗೆಯ ಅಶ್ವ ಹರ್ಪಿಸ್ ವೈರಾಣುವಿಗೆ.

ತಾಯಿಗೆ ನೆಗಡಿಯಷ್ಟೇ ತೋರಿ, ಕೆಲವೊಮ್ಮೆ ಅದೂ ತೋರದೆ, ಬಿಳಿಯ ರಕ್ತಕಣಗಳೊಡನೆ ಗರ್ಭಕೋಶವನ್ನು ಸೇರುವ ಈ ವೈರಾಣು, 11 ತಿಂಗಳ ಗರ್ಭಾವಧಿಯ ಕೊನೆಯ ಭಾಗದಲ್ಲಿ ಸಾಮಾನ್ಯವಾಗಿ ಕಂದುಹಾಕಿಸುತ್ತದೆ; ಸೋಂಕು ತೀರ ತಡವಾಗಿ ತಗುಲಿದಲ್ಲಿ ಮರಿಯು ಜೀವಸಹಿತ ಹುಟ್ಟಿದರೂ, ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕಾದುದು ನಿಲ್ಲಲಾರದೆ, ಏದುಸಿರು ಬಿಡುತ್ತ, ಕಣ್ಣಿನ ಒಳಪೊರೆ ಹಳದಿಗಟ್ಟಿ, ಕೆಲವೇ ದಿನಗಳಲ್ಲಿ ಅಸುನೀಗುತ್ತದೆ. ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದ ಮರಿಯೂ ಹೀಗೆಯೇ ಕಾಣುವುದು. ಬಿಳಿಯ ಕಣಗಳ ಸಂಖ್ಯೆ ಎರಡರಲ್ಲಿಯೂ ಕುಸಿಯಬಹುದು.

ಈ ಸಂದಿಗ್ಧದಲ್ಲಿ ನಿಸರ್ಗವೇ ಇರಿಸಿರುವ ಸುಳಿವೊಂದು ನನಗೆ ಸದಾ ವಿಸ್ಮಯವನ್ನುಂಟುಮಾಡಿದೆ. ಮಾನವಶಿಶುವಿಗೆ ಬಸಿರಿನಲ್ಲಿಯೇ ತಾಯಿಯ ಪ್ರತಿಕಾಯಗಳು ದೊರೆಯುವಂತೆ ಕುದುರೆಮರಿಗೆ ದೊರೆಯವು; ಅದರ ಮಾಸು ಅವನ್ನು ದಾಟಗೊಡದು, ಗಿಣ್ಣುಹಾಲೇ ಅವುಗಳಿಗೆ ದಾರಿ. ಆದುದರಿಂದ ಮೊಲೆಗೆ ಬಾಯಿಡುವ ಮುನ್ನ ತೆಗೆದ ರಕ್ತದಲ್ಲಿ ಈ ವೈರಾಣುವಿನ ಪ್ರತಿಕಾಯ ಕಂಡುಬಂದರೆ, ಅದು ಮರಿಯು ಗರ್ಭದೊಳಗೇ ಸೋಂಕನ್ನೆದುರಿಸಿ ತಾನೇ ಉತ್ಪಾದಿಸಿದುದು. ಹಾಲು ಕುಡಿದ ಬಳಿಕವಾದರೋ ತಾಯಿಯದಾವುದು, ಮರಿಯದಾವುದು ಎಂದು ಬೇರ್ಪಡಿಸುವಂತಿಲ್ಲ. ಆದರೂ ಪ್ರತಿಕಾಯ ಕಾಣದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಮೂಗಿನ ದ್ರವದಲ್ಲಿಯೂ ಹೆಪ್ಪುಗಟ್ಟದಂತೆ ಇರಿಸಿದ ರಕ್ತದಲ್ಲಿಯೂ ವೈರಾಣುವಿನ ಡಿಎನ್‌ಎಯನ್ನು ಪಿಸಿಆರ್ ಮೂಲಕ ಅರಸಬೇಕು.

ಮರಿ ಸತ್ತರೆ ಶವಪರೀಕ್ಷೆಯನ್ನು ಬಿಡಲಾಗದು. ಶ್ವಾಸಕೋಶ, ಯಕೃತ್ತು, ಗುಲ್ಮ, ಥೈಮಸ್ ಗ್ರಂಥಿ ಇವುಗಳ ತುಣುಕುಗಳನ್ನು ಮಾಸಿನೊಡನೆ ಕೆಲವನ್ನು ಮಂಜುಗಡ್ಡೆಯಲ್ಲಿ, ಕೆಲವನ್ನು ಫಾರ್ಮಲಿನ್‌ನಲ್ಲಿ ಕಳುಹಿಸುವರು. ಯಕೃತ್ತಿನ ಮೇಲೆ ಸಾಸಿವೆಯಂತಹ ಬಿಳಿಚುಕ್ಕೆಗಳು ಬರಿಗಣ್ಣಿಗೇ ಕಾಣುವುದುಂಟು. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಕೇಂದ್ರದೊಳಗೆ ವೈರಾಣು ಕಟ್ಟಿದ ಗಂಟುಗಳು ಗೋಚರಿಸುವುವು.

ಈ ರೋಗವನ್ನು ತಡೆಯಲೆಂದು, ಹಿಸಾರಿನಲ್ಲಿ 1985ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರವು ದೇಶೀಯ ವೈರಾಣುವಿನಿಂದಲೇ ಲಸಿಕೆಯನ್ನು ರೂಪಿಸಿದೆ. ಆದರೆ ಲಸಿಕೆಯೂ ಪೂರ್ಣ ರಕ್ಷೆಯಲ್ಲ. ಕಂದುಹಾಕಿದಾಗ ಬಿದ್ದ ಮಾಸು, ಗರ್ಭದ ನೀರು, ಸತ್ತ ಮರಿ ಎಲ್ಲವೂ ವೈರಾಣುವಿನಿಂದ ತುಂಬಿರುವುದರಿಂದ, ಪ್ರಯೋಗಾಲಯದ ಉತ್ತರ ಬರುವ ಮೊದಲೇ ಆ ತಾಯಿಯನ್ನು ಗಬ್ಬದ ಇತರ ಕುದುರೆಗಳಿಂದ ಬೇರೆ ಕಟ್ಟಿ, ಹಾಸಿದ ಹುಲ್ಲನ್ನು ತೆಗೆಸಿ, ಲಾಯವನ್ನು ಸೋಂಕುನಾಶಕದಿಂದ ತೊಳೆಸತಕ್ಕದ್ದು.