‘ಸಂಘದ ಸಾಲವೆಲ್ಲ ಮನ್ನಾ, ಕಂತು ಕಟ್ಟಬೇಡಿ’: ಈ ಫಾರ್ವರ್ಡ್ ಎಷ್ಟು ನಿಜ?

“ಸರ್ಕಾರ ಕಾಯ್ದೆ ತಂದಿದೆ. ಮೈಕ್ರೋಫೈನಾನ್ಸ್ ಸಾಲ ಪೂರ್ತಿ ಮನ್ನಾ. ಇನ್ನು ಯಾರೂ ಕಂತು ಕಟ್ಟಬೇಕಾಗಿಲ್ಲ. ಎಲ್ಲರಿಗೂ ಶೇರ್ ಮಾಡಿ.”

ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಕಂತಿನ ದಿನ ಬಂತೆಂದರೆ ಎದೆ ಡವಡವ ಎನ್ನುವವರಿಗೆ ಇದನ್ನು ನಂಬಬೇಕು ಅನ್ನಿಸುವುದು ಸಹಜ. ಆದರೆ ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಂಬಿ ಕಂತು ನಿಲ್ಲಿಸಿದರೆ ಕಷ್ಟಕ್ಕೆ ಸಿಲುಕುವವರು ಸಾಲಗಾರರೇ.

ಕಾಯ್ದೆ ಹೇಳುವುದೇನು?

ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿ 12ರಂದು ಸುಗ್ರೀವಾಜ್ಞೆ ತಂದಿತು. ಮುಂದಿನ ತಿಂಗಳು ವಿಧಾನಮಂಡಲ ಅದರ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ.

‘ಮನ್ನಾ’ ಎಂಬ ಮಾತು ಹುಟ್ಟಿದ್ದೂ ಇಲ್ಲಿಂದಲೇ. ನೋಂದಣಿಯಾಗಲಿ ಪರವಾನಗಿಯಾಗಲಿ ಇಲ್ಲದ ಸಂಸ್ಥೆ ಅಥವಾ ಲೇವಾದೇವಿಗಾರರು ದುರ್ಬಲ ವರ್ಗದವರಿಗೆ ಅದಕ್ಕೂ ಮೊದಲು ಕೊಟ್ಟ ಸಾಲ ತೀರಿದಂತೆ ಎಂದು ಕಾನೂನು ಹೇಳುತ್ತದೆ. ಬ್ಯಾಂಕುಗಳಿಗೂ ಆರ್‌ಬಿಐ ನೋಂದಣಿ ಇರುವ ಫೈನಾನ್ಸ್ ಕಂಪನಿಗಳಿಗೂ ಇದು ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ಸಾಲ ಇವುಗಳದ್ದಾದರೆ ಅದು ಮನ್ನಾ ಆಗಿಲ್ಲ. ಕಟ್ಟುವುದು ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ, ಕ್ರೆಡಿಟ್ ವರದಿ ಕೆಡುತ್ತದೆ, ಗುಂಪಿನ ಬೇರೆ ಹೆಂಗಸರ ಮೇಲೆ ಒತ್ತಡ ಬೀಳುತ್ತದೆ.

ಸಾಲ ಕೊಟ್ಟವರು ಯಾರೆಂದು ತಿಳಿಯಲು ಸಾಲದ ಕಾರ್ಡಿನ ಮೇಲಿರುವ ಸಂಸ್ಥೆಯ ಪೂರ್ತಿ ಹೆಸರು ನೋಡಿ. ನೋಂದಾಯಿತ ಕಂಪನಿಗಳ ಪಟ್ಟಿ ಆರ್‌ಬಿಐ ವೆಬ್‌ಸೈಟ್‌ನಲ್ಲಿದೆ. ಕಾರ್ಡೂ ಇಲ್ಲ, ರಸೀದಿಯೂ ಇಲ್ಲ ಎಂದಾದರೆ ಅಲ್ಲೇ ಅನುಮಾನ ಪಡಿ.

ಮಲೆನಾಡಿನಲ್ಲಿ ಕಂತು ಏಕೆ ಭಾರ?

ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯನ್ನೇ ತೆಗೆದುಕೊಳ್ಳಿ. ಕುದುರೆಮುಖ ಕಾಡಿನ ಅಂಚಿನ ಊರು. ಅಡಿಕೆಯ ದುಡ್ಡು ಕೊಯ್ಲು ಮುಗಿದ ಮೇಲೆ ಬರುತ್ತದೆ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಬಂದ ತೋಟದಲ್ಲಿ ಅದೂ ಕಡಿಮೆ. ಕೂಲಿ ಮಾಡುವವರಿಗೆ ಮಳೆಗಾಲದಲ್ಲಿ ಕೆಲಸ ಸರಿಯಾಗಿ ಸಿಗುವುದಿಲ್ಲ. ಕಂತು ಮಾತ್ರ ಮಳೆಗಾಲ ಬೇಸಿಗೆ ನೋಡದೆ ವಾರ ವಾರ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಒಂದು ಮನೆಯಲ್ಲಿ ಮೂರು ಸಂಘದ ಸಾಲ ಇದೆ ಎಂದುಕೊಳ್ಳಿ. ವಾರಕ್ಕೆ 800, 1,100 ಮತ್ತು 1,200 ರೂಪಾಯಿ. ಒಂದೊಂದೂ ಸಣ್ಣದೇ. ಕೂಡಿಸಿದರೆ ವಾರಕ್ಕೆ 3,100, ತಿಂಗಳಿಗೆ ಸುಮಾರು 13,400 ರೂಪಾಯಿ. ಮನೆಯ ಆದಾಯ 20,000 ಇದ್ದರೆ ಮೂರರಲ್ಲಿ ಎರಡು ಪಾಲು ಕಂತಿಗೇ ಹೋಯಿತು. ಒಂದನ್ನು ಕಟ್ಟಲು ಇನ್ನೊಂದು ಸಾಲ ಮಾಡುವುದು ಹೀಗೆಯೇ ಶುರುವಾಗುತ್ತದೆ.

ನಿಯಮ ನಿಮ್ಮ ಪರ ಏನು ಹೇಳುತ್ತದೆ?

2022ರ ಏಪ್ರಿಲ್ 1ರಿಂದ ಆರ್‌ಬಿಐ ನಿಯಮ ಜಾರಿಯಲ್ಲಿದೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲಕ್ಕೆ ಇದು ಅನ್ವಯ.

• ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರದಂತೆ ನೋಡಿಕೊಂಡು ಸಾಲ ಕೊಡಬೇಕು. ಮೇಲಿನ ಉದಾಹರಣೆಯ ಮನೆಗೆ ಅಷ್ಟು ಸಾಲ ಸಿಗಲೇಬಾರದಿತ್ತು.
• ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವುದು, ಹೆದರಿಸುವುದು, ಮನೆಯವರನ್ನೂ ನೆಂಟರನ್ನೂ ಪೀಡಿಸುವುದು ಕೂಡದು.
• ಕಂತು ಕಟ್ಟುವ ಜಾಗವನ್ನು ಇಬ್ಬರೂ ಸೇರಿ ಗೊತ್ತು ಮಾಡಬೇಕು. ಸಾಲಗಾರರು ಅಲ್ಲಿಗೆ ಸತತವಾಗಿ ಎರಡು ಅಥವಾ ಹೆಚ್ಚು ಸಲ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು.
• ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ.
• ಕಟ್ಟಲು ಕಷ್ಟಪಡುತ್ತಿರುವವರನ್ನು ಗುರುತಿಸಿ, ಮಾತಾಡಿ, ದಾರಿ ತೋರಿಸುವ ವ್ಯವಸ್ಥೆ ಸಂಸ್ಥೆಯಲ್ಲೇ ಇರಬೇಕು.

ಇನ್ನು ಬೆದರಿಕೆ, ಹಲ್ಲೆ, ಮನೆಗೆ ನುಗ್ಗುವುದು ಯಾರು ಮಾಡಿದರೂ ಅಪರಾಧವೇ. ಅಂಥ ಹೊತ್ತಿನಲ್ಲಿ 112ಕ್ಕೆ ಕರೆ ಮಾಡಿ.

‘ಗೃಹಲಕ್ಷ್ಮಿ ದುಡ್ಡು ಸಾಲಕ್ಕೆ ಜಮಾ ಮಾಡಿಕೊಳ್ಳಬಹುದು’: ನಿಜವೇ?

2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬರುವ ಹಣ. ಮೈಕ್ರೋಫೈನಾನ್ಸ್ ಸಾಲಕ್ಕಾಗಿ ಸಾಲಗಾರರ ಖಾತೆಯಲ್ಲಿರುವ ಹಣದ ಮೇಲೆ ಹಿಡಿತ ಇಟ್ಟುಕೊಳ್ಳುವಂತಿಲ್ಲ ಎಂದು ಅದೇ ಆರ್‌ಬಿಐ ನಿಯಮ ಹೇಳುತ್ತದೆ. ಎಟಿಎಂ ಕಾರ್ಡ್, ಪಾಸ್‌ಬುಕ್, ರೇಷನ್ ಕಾರ್ಡ್ ‘ನಮ್ಮ ಹತ್ತಿರ ಇರಲಿ’ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಪಿನ್ ಅಂತೂ ಹೇಳಲೇಬೇಡಿ.

‘ಸಾಲಕ್ಕೆ ಹೆದರುವವರು ಹೇಡಿಗಳು’: ಇದಂತೂ ಪೂರ್ತಿ ಸುಳ್ಳು

ದುಡ್ಡಿನ ಚಿಂತೆ ಮೊದಲು ಕಸಿಯುವುದು ನಿದ್ದೆಯನ್ನು. ನಿದ್ದೆಗೆಟ್ಟ ತಲೆಗೆ ಲೆಕ್ಕ ಹತ್ತುವುದಿಲ್ಲ, ಸಿಡುಕು ಹೆಚ್ಚುತ್ತದೆ, ತೀರ್ಮಾನ ತಪ್ಪುತ್ತದೆ. ಗುಂಪಿನ ಎದುರು ಮರ್ಯಾದೆ ಹೋದೀತೆಂಬ ಭಯಕ್ಕೆ ಮನೆಯವರಿಂದಲೂ ಸಾಲ ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟೂ ಭಾರ ಹೆಚ್ಚು. ಇದು ಧೈರ್ಯದ ಕೊರತೆಯಲ್ಲ, ಯಾರಿಗಾದರೂ ಆಗುವಂಥದ್ದು.

ಊಟ ಬಿಡುವುದು, ಜನರ ಜತೆ ಸೇರದಿರುವುದು, ‘ನಾನಿಲ್ಲದಿದ್ದರೆ ನಿಮಗೆಲ್ಲ ಸುಲಭ’ ಎನ್ನುವುದು ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ಮೆತ್ತಗೆ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಎಂಬುದು ತಪ್ಪು ನಂಬಿಕೆ. ‘ಹೌದು’ ಎಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ತೋಟದ ಔಷಧಿ, ಕಳೆನಾಶಕದ ಡಬ್ಬಿಗಳನ್ನು ಮನೆಯಿಂದ ದೂರ ಸಾಗಿಸಿ.

ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತಾಡಬಹುದು. ನೆಟ್‌ವರ್ಕ್ ಸಿಗದ ಮನೆಯಾದರೆ ಆಶಾ ಕಾರ್ಯಕರ್ತೆಗೆ ಹೇಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಅವರು ತಿಳಿದು ಹೇಳಬಲ್ಲರು.

ಈಗ ಏನು ಮಾಡಬೇಕು?

1. ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ: ಯಾರದ್ದು, ಎಷ್ಟು ಬಾಕಿ, ಕಂತು ಎಷ್ಟು. ಮನೆಯಲ್ಲಿ ಒಬ್ಬರಿಗಾದರೂ ತೋರಿಸಿ.
2. ನಿಮ್ಮ ಹೆಸರಲ್ಲಿ ಬೇರೆ ಸಾಲ ಇದೆಯೇ ನೋಡಿ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಂದು ವರದಿ ಉಚಿತ.
3. ಕಂತು ತಪ್ಪುವ ಮೊದಲೇ ‘ಅವಧಿ ಹೆಚ್ಚಿಸಿ, ಕಂತು ಇಳಿಸಿ’ ಎಂದು ಸಂಸ್ಥೆಗೆ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಕಂತು ಕಟ್ಟಲೆಂದು ಹೊಸ ಸಾಲ ಮಾಡಬೇಡಿ.
4. ಕಿರುಕುಳವಾದರೆ ದಿನ, ಗಂಟೆ, ಆಡಿದ ಮಾತು ಬರೆದಿಟ್ಟು ಮೊದಲು ಸಂಸ್ಥೆಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448. ಇದಕ್ಕೆ ಶುಲ್ಕವಿಲ್ಲ.
5. ವಕೀಲರು ಬೇಕಾದರೆ 15100ಕ್ಕೆ ಕರೆ ಮಾಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ.

ನಮ್ಮ ತೀರ್ಮಾನ: ‘ಎಲ್ಲ ಸಾಲ ಮನ್ನಾ’ ಎಂಬುದು ಸುಳ್ಳು. ‘ಸಾಲ ಮಾಡಿದ ಮೇಲೆ ಬೈಸಿಕೊಳ್ಳಲೇಬೇಕು’ ಎಂಬುದೂ ಸುಳ್ಳು. ಆ ಫಾರ್ವರ್ಡ್ ನಿಮಗೆ ಬಂದಿದ್ದರೆ ಕಳಿಸಿದವರನ್ನು ಗೇಲಿ ಮಾಡಬೇಡಿ. ಕಂತಿನ ಚಿಂತೆಯಲ್ಲಿ ಅದನ್ನು ನಂಬಿ ಕಳಿಸಿರಬಹುದು. ಅವರಿಗೊಂದು ಫೋನ್ ಮಾಡಿ, ‘ಹೇಗಿದ್ದೀರಿ?’ ಎಂದು ಕೇಳಿ. ಆಮೇಲೆ 14416 ಮತ್ತು 14448 ಈ ಎರಡು ನಂಬರನ್ನು ಅದೇ ಗುಂಪಿಗೆ ಹಾಕಿ.